ಕೊಂಡ ವಸ್ತು ಕೈಕೊಟ್ಟಿತೇ? ದೂರು ಹೀಗೆ ಕೊಡಿ

ಹೊಸ ವಾಷಿಂಗ್ ಮಷಿನ್ ಎರಡನೇ ವಾರಕ್ಕೇ ನಿಂತುಹೋಯಿತು ಅಂದುಕೊಳ್ಳಿ. ಅಂಗಡಿಗೆ ಫೋನ್ ಮಾಡಿದರೆ, ‘ನಮ್ಮ ಕೈಲಿ ಏನೂ ಇಲ್ಲ, ಕಂಪನಿಯವರನ್ನೇ ಕೇಳಿ’ ಎಂಬ ಉತ್ತರ. ಬಹಳ ಜನ ಇಲ್ಲಿಗೇ ಕೈಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ದುಡ್ಡು ಪಡೆದು ಬಿಲ್ ಕೊಟ್ಟವರು ಅಂಗಡಿಯವರೇ ಅಲ್ವಾ? ಹಲವು ದೇಶಗಳ ಕಾನೂನು ಹೇಳುವುದೂ ಅದನ್ನೇ. ಐರೋಪ್ಯ ಒಕ್ಕೂಟದಲ್ಲಿ ಹೊಸ ವಸ್ತುವಿಗೆ ಮಾರಿದವರು ಕನಿಷ್ಠ 2 ವರ್ಷ ಹೊಣೆ. ಮೊದಲ ವರ್ಷದಲ್ಲಿ ದೋಷ ಕಂಡರೆ ಅದು ಮಾರುವಾಗಲೇ ಇತ್ತು ಅಂತ ಲೆಕ್ಕ. ಅಲ್ಲ ಅನ್ನುವುದಾದರೆ ಸಾಬೀತು ಮಾಡಬೇಕಾದವರು ಅಂಗಡಿಯವರು, ನೀವಲ್ಲ.

ಮೊದಲು, ತಕರಾರು ಯಾವುದೆಂದು ತಿಳಿಯಿರಿ

ವಸ್ತು ಕೆಟ್ಟಿದೆಯೋ, ಅಥವಾ ನಿಮಗೆ ಇಷ್ಟವಾಗಲಿಲ್ಲವೋ? ಎರಡೂ ಬೇರೆ ಬೇರೆ. ಅಂಗಡಿಯಲ್ಲಿ ನೋಡಿ, ಮುಟ್ಟಿ ತಂದ ಅಂಗಿಯ ಬಣ್ಣ ಆಮೇಲೆ ಹಿಡಿಸದಿದ್ದರೆ, ವಾಪಸ್ ಪಡೆಯುವುದು ಸಾಮಾನ್ಯವಾಗಿ ಅಂಗಡಿಯವರ ಇಷ್ಟ. ಆನ್‌ಲೈನ್ ಖರೀದಿಗೆ ಕೆಲವೆಡೆ ವಿನಾಯಿತಿ ಇದೆ. ಐರೋಪ್ಯ ಒಕ್ಕೂಟದಲ್ಲಿ ಹೆಚ್ಚಿನ ವಸ್ತುಗಳನ್ನು 14 ದಿನದೊಳಗೆ ಕಾರಣ ಹೇಳದೆಯೇ ಹಿಂದಿರುಗಿಸಬಹುದು.

ವಸ್ತುವೇ ಕೆಟ್ಟಿದ್ದರೆ ಮಾತೇ ಬೇರೆ. ‘ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ’ ಎಂಬ ಬೋರ್ಡ್ ನೋಡಿ ಹೆದರಬೇಕಿಲ್ಲ. ಬೋರ್ಡ್ ಕಾನೂನಿಗಿಂತ ದೊಡ್ಡದಲ್ಲ. ಭಾರತದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ಬಿಲ್‌ನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ದೋಷವಿರುವ ವಸ್ತುವನ್ನು ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ.

ದಾಖಲೆ ಕೂಡಿಸಿ, ಪತ್ರ ಬರೆಯಿರಿ

ಬಿಲ್, ವಾರಂಟಿ ಕಾರ್ಡ್, ದೋಷದ ಫೋಟೊ ಇಟ್ಟುಕೊಳ್ಳಿ. ಜಾಹೀರಾತಿನ ಸ್ಕ್ರೀನ್‌ಶಾಟನ್ನು ಅವತ್ತೇ ತೆಗೆದಿಡಿ. ಜಾಲತಾಣದ ಪುಟ ನಾಳೆ ಬದಲಾಗಿರಬಹುದು.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಅಂಗಡಿಗೆ ಬರೆಯುವ ಪತ್ರ. ಫೋನ್‌ನಲ್ಲಿ ಎಷ್ಟೇ ಜಗಳವಾಡಿದರೂ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇಮೇಲ್ ಆದರೂ ಸಾಕು. ಸಿಟ್ಟು ಬೇಡ, ನಾಲ್ಕೇ ವಾಕ್ಯ ಬರೆಯಿರಿ:

‘ಇಂಥ ದಿನ, ಇಂಥ ಬಿಲ್ ಸಂಖ್ಯೆಯಲ್ಲಿ ಈ ಯಂತ್ರ ಕೊಂಡಿದ್ದೇನೆ. ಇಂಥ ದಿನದಿಂದ ಡ್ರಮ್ ತಿರುಗುತ್ತಿಲ್ಲ, ವಿಡಿಯೊ ಲಗತ್ತಿಸಿದ್ದೇನೆ. ಯಂತ್ರ ಬದಲಿಸಿ ಕೊಡಿ ಅಥವಾ ಪೂರ್ತಿ ಹಣ ಹಿಂದಿರುಗಿಸಿ. ಇಂಥ ದಿನಾಂಕದೊಳಗೆ ಉತ್ತರ ಬರದಿದ್ದರೆ ಗ್ರಾಹಕ ಆಯೋಗಕ್ಕೆ ದೂರು ಕೊಡುತ್ತೇನೆ.’

ಏನು ಬೇಕು, ಯಾವಾಗ ಬೇಕು ಎರಡೂ ಇದರಲ್ಲಿ ಸ್ಪಷ್ಟ. ‘ಸೂಕ್ತ ಕ್ರಮ ಕೈಗೊಳ್ಳಿ’ ಅಂತ ಸುಮ್ನೆ ಬರೆದರೆ ಜಾರಿಕೊಳ್ಳುವುದು ಸುಲಭ.

ಯಾವ ಬಾಗಿಲು ತಟ್ಟಬೇಕು?

ಗೊಂದಲ ಜಾಸ್ತಿ ಇರುವುದು ಇಲ್ಲೇ. ನಿಮ್ಮ ಹಣ ನಿಮಗೆ ಬೇಕಿದ್ದರೆ ಹೋಗಬೇಕಾದ್ದು ಗ್ರಾಹಕ ಆಯೋಗ, ಸಣ್ಣ ಮೊತ್ತದ ವ್ಯಾಜ್ಯಗಳ ನ್ಯಾಯಾಲಯ ಅಥವಾ ಒಂಬುಡ್ಸ್‌ಮನ್ (ದೂರು ವಿಚಾರಿಸಿ ಬಗೆಹರಿಸುವ ಸ್ವತಂತ್ರ ಅಧಿಕಾರಿ) ಹತ್ತಿರ. ಕಾಲಮಿತಿ ಮರೆಯಬೇಡಿ. ಭಾರತದಲ್ಲಿ ದೂರಿಗೆ ಕಾರಣ ಹುಟ್ಟಿದ ದಿನದಿಂದ 2 ವರ್ಷ. ಕಾರ್ಡ್‌ನಲ್ಲಿ ಹಣ ಕಟ್ಟಿದ್ದು ವಸ್ತು ಬಂದೇ ಇಲ್ಲವಾದರೆ, ಬ್ಯಾಂಕಿಗೆ ಚಾರ್ಜ್‌ಬ್ಯಾಕ್ ಕೇಳಿ, ಅಂದರೆ ಕಟ್ಟಿದ ಹಣವನ್ನು ಮಾರಿದವರಿಂದ ವಾಪಸ್ ತರಿಸಿಕೊಡಿ ಎನ್ನಿ. ಅದಕ್ಕೆ ಗಡುವು ಇನ್ನೂ ಕಡಿಮೆ.

ಕಂಪನಿಗಳ ಮೇಲೆ ಕಣ್ಣಿಡುವ ನಿಯಂತ್ರಕ ಸಂಸ್ಥೆಗಳ ಕೆಲಸ ಬೇರೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಒಬ್ಬೊಬ್ಬರ ದೂರನ್ನು ಬಗೆಹರಿಸಿ ಕೊಡುವುದಿಲ್ಲ. ಹಾಗಂತ ಅಲ್ಲಿಗೆ ಬರೆದದ್ದು ವ್ಯರ್ಥವಲ್ಲ. ಒಂದೇ ಕಂಪನಿಯ ಮೇಲೆ ಒಂದೇ ಥರದ ದೂರುಗಳು ಬಂದರೆ ಅದೊಂದು ದಂಧೆ ಅಂತ ಗೊತ್ತಾಗುತ್ತದೆ, ತನಿಖೆ ಶುರುವಾಗುತ್ತದೆ. ಸುಳ್ಳು ಜಾಹೀರಾತು ನಿಲ್ಲುವುದು, ದಂಡ ಬೀಳುವುದು ಹೀಗೆ. ನಿಮ್ಮ ಹಣ ವಾಪಸ್ ಬಂದಿದ್ದರೂ ಅಲ್ಲಿಗೊಂದು ದೂರು ಬರೆಯಿರಿ.

ವಸ್ತು ಹೊಗೆಯಾಡಿದರೆ, ಶಾಕ್ ಹೊಡೆದರೆ ಇಷ್ಟೆಲ್ಲ ಕಾಯಬೇಡಿ. ತಕ್ಷಣ ಬಳಕೆ ನಿಲ್ಲಿಸಿ. ಸುರಕ್ಷತೆ ನೋಡಿಕೊಳ್ಳುವ ಸಂಸ್ಥೆಗೆ ಅಂದೇ ತಿಳಿಸಿ. ಮಾಡೆಲ್ ಮತ್ತು ಬ್ಯಾಚ್ ಸಂಖ್ಯೆ ಕೊಡಿ, ಆ ಬ್ಯಾಚಿನ ಮಾಲನ್ನೆಲ್ಲ ಮಾರುಕಟ್ಟೆಯಿಂದ ವಾಪಸ್ ತರಿಸಲು ಅದು ಬೇಕು. ಕೆಟ್ಟ ವಸ್ತುವನ್ನು ಎಸೆಯಬೇಡಿ, ಬಿಚ್ಚಿ ರಿಪೇರಿಯನ್ನೂ ಮಾಡಿಸಬೇಡಿ. ತಪಾಸಣೆಗೆ ಅದು ಇದ್ದ ಹಾಗೆಯೇ ಸಿಗಬೇಕು.