ಟೆಸ್ಟ್ ಟ್ಯೂಬ್ ಬೇಬಿ ‘ಸಕ್ಸಸ್ ರೇಟ್’ ಓದುವುದು ಹೇಗೆ?

ಮಂಗಳೂರಿನ ಬೆಂದೂರ್‌ವೆಲ್‌ನಲ್ಲಿ ಬಸ್ಸಿಗೆ ಕಾಯುವಾಗ ಕುಂದಾಪುರದ ಪರಿಚಯದ ದಂಪತಿ ಟೆಸ್ಟ್ ಟ್ಯೂಬ್ ಬೇಬಿ ಚಿಕಿತ್ಸೆ ಕೊಡುವ ಆಸ್ಪತ್ರೆಯೊಂದರ ಬ್ರೋಶರ್ ತೋರಿಸಿದರು. ‘ಶೇ 50 ಯಶಸ್ಸು’ ಎಂದಿತ್ತು. ಚಿನ್ನ ಅಡವಿಡಲು ಹೊರಟಿದ್ದರು. ನೂರರಲ್ಲಿ ಐವತ್ತು ಸರಿ, ಯಾವ ನೂರು? ಅದನ್ನು ಅವರು ಕೇಳಿರಲಿಲ್ಲ. ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವ ನನಗೆ ಹೊಟ್ಟೆ ಚುರ್ ಎಂದಿತು.

ಹಂತ 1: ಹೆಂಡತಿಯ ವಯಸ್ಸು, ಎಎಮ್‌ಎಚ್ (ಅಂಡಾಶಯದಲ್ಲಿ ಎಷ್ಟು ಅಂಡಾಣು ಉಳಿದಿವೆ ಎಂದು ಅಂದಾಜಿಸುವ ರಕ್ತಪರೀಕ್ಷೆ), ಗಂಡನ ವೀರ್ಯ ಪರೀಕ್ಷೆಯ ವರದಿ, ಎಷ್ಟು ವರ್ಷದ ಪ್ರಯತ್ನ, ಎಲ್ಲ ಒಂದೇ ಪುಸ್ತಕದಲ್ಲಿ ಬರೆದಿಡಿ.

ಹಂತ 2: ಎಲ್ಲರೂ ಎಡವುವುದು ಇಲ್ಲೇ. ಒಂದು ಲೆಕ್ಕ ಊಹಿಸಿಕೊಳ್ಳಿ. 100 ಮಹಿಳೆಯರು ಅಂಡಾಣು ಬೆಳೆಸುವ ಇಂಜೆಕ್ಷನ್ ಶುರು ಮಾಡಿದರು. 85 ಮಂದಿಗೆ ಅಂಡಾಣು ತೆಗೆದರು. ಭ್ರೂಣವನ್ನು ಗರ್ಭಕೋಶಕ್ಕೆ ಹಾಕಿದ್ದು 70 ಮಂದಿಗೆ. ಬೀಟಾ ಎಚ್‌ಸಿಜಿ (ಗರ್ಭ ನಿಂತಿದೆಯೇ ಎಂದು ತಿಳಿಸುವ ರಕ್ತಪರೀಕ್ಷೆ) ಪಾಸಿಟಿವ್ ಬಂದದ್ದು 35. ಸ್ಕ್ಯಾನ್‌ನಲ್ಲಿ ಹಾರ್ಟ್‌ಬೀಟ್ ಕಂಡದ್ದು 28. ಮಗು ಮನೆಗೆ ಬಂದದ್ದು 24. ಈಗ 35ನ್ನು 70ರಿಂದ ಭಾಗಿಸಿದರೆ ಶೇ 50! ನಿಮಗೆ ಬೇಕಾದ್ದು ಮಗು, ಅಲ್ವಾ? ಹಾಗಾದರೆ 24ನ್ನು 100ರಿಂದ ಭಾಗಿಸಿ. ಶೇ 24. ಎರಡೂ ಸುಳ್ಳಲ್ಲ, ಆದರೆ ಸಾಲ ಮಾಡುವವರಿಗೆ ಎರಡನೆಯದೇ ಮುಖ್ಯ. ‘ಚಿಕಿತ್ಸೆ ಶುರು ಮಾಡಿದವರಲ್ಲಿ ಎಷ್ಟು ಹೆರಿಗೆ?’ ಎಂದು ಇದೇ ಮಾತಿನಲ್ಲಿ ಕೇಳಿ. ಉತ್ತರ ಕಾಗದದ ಮೇಲೆ ಬರಲಿ.

ಹಂತ 3: ನಿಮ್ಮ ವಯಸ್ಸಿನವರ ಲೆಕ್ಕವನ್ನೇ ಬೇರೆ ಕೇಳಿ. ಸ್ವಂತ ಅಂಡಾಣುವಾದರೆ ಫಲಿತಾಂಶವನ್ನು ಜಾಸ್ತಿ ನಿರ್ಧರಿಸುವುದು ಹೆಂಡತಿಯ ವಯಸ್ಸು. 35ರ ನಂತರ ಇಳಿಯುತ್ತದೆ, 40 ದಾಟಿದರೆ ಇನ್ನೂ ಬೇಗ. ದಾನಿಯ ಅಂಡಾಣುವಾದರೆ ದಾನಿಯ ವಯಸ್ಸು ಮುಖ್ಯ. ಈ ಎರಡನ್ನೂ ಬೆರೆಸಿ ಕೊಟ್ಟ ಸರಾಸರಿ 41ರ ಹೆಣ್ಣುಮಗಳಿಗೆ ಏನೂ ಹೇಳುವುದಿಲ್ಲ. ಎಎಮ್‌ಎಚ್ ಕಡಿಮೆ ಎಂದು ಅಳುತ್ತಾ ಕೂರಬೇಡಿ. ಅದರಿಂದ ಎಷ್ಟು ಅಂಡಾಣು ಸಿಗಬಹುದು ಎಂಬ ಅಂದಾಜು ಸಿಗುತ್ತದೆ, ಗುಣಮಟ್ಟ ತಿಳಿಯುವುದಿಲ್ಲ. ಎಎಮ್‌ಎಚ್ ಏರಿಸುತ್ತೇವೆ ಎನ್ನುವ ಪುಡಿಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಹಂತ 4: ಒಟ್ಟು ಎಷ್ಟು ಮಂದಿ ಎಂದು ನೋಡಿ. 10ರಲ್ಲಿ 6 ಎಂದರೂ ಶೇ 60, 100ರಲ್ಲಿ 60 ಎಂದರೂ ಶೇ 60. ಆದರೆ ಮಂದಿ ಕಡಿಮೆ ಇದ್ದಷ್ಟೂ ಅದೃಷ್ಟದ ಏರುಪೇರು ಜಾಸ್ತಿ, ಹಾಗಾಗಿ ಮೊದಲನೆಯದರ ನಿಜವಾದ ದರ ಸುಮಾರು ಶೇ 30ರಿಂದ 80ರವರೆಗೆ ಎಲ್ಲಿ ಬೇಕಾದರೂ ಇರಬಹುದು. ಎರಡನೆಯದರದ್ದು 50ರಿಂದ 70ರೊಳಗೆ.

ಹಂತ 5: ಮೂರು ಸೈಕಲ್ (ಮೂರು ಸಲದ ಚಿಕಿತ್ಸೆ) ಪ್ಯಾಕೇಜ್ ಕೊಟ್ಟರೆ ಹಂತ 2ರ ಶೇ 24ನ್ನು ಮೂರರಿಂದ ಗುಣಿಸಿ 72 ಎನ್ನಬೇಡಿ. ಒಂದು ಸಲ ವಿಫಲವಾಗುವ ಪಾಲು 0.76. ಮೂರೂ ಸಲ ವಿಫಲವಾಗುವ ಪಾಲು 0.76 × 0.76 × 0.76, ಸುಮಾರು 0.44. ಅಂದರೆ ಯಶಸ್ಸು ಹೆಚ್ಚೆಂದರೆ ಶೇ 56. ಸೋತ ದಂಪತಿಗೆ ಮುಂದಿನ ಸಲ ಅವಕಾಶ ಸ್ವಲ್ಪ ಕಡಿಮೆಯೇ ಇರುತ್ತದೆ, ಹಾಗಾಗಿ ಇನ್ನೂ ಕೆಳಗೆ ಹಿಡಿಯಿರಿ. ಮಧ್ಯದಲ್ಲಿ ನಿಲ್ಲಿಸಿದರೆ ಎಷ್ಟು ಹಣ ವಾಪಸ್ ಎಂಬುದನ್ನು ಸಹಿ ಹಾಕುವ ಮೊದಲೇ ಬರೆಸಿಕೊಳ್ಳಿ.