ಫಿಲ್‌ನಲ್ಲಿ ಲಯ ಓಡುವುದು ನಿಂತಿದ್ದು ಹೀಗೆ

ಹಾಸನದ ಗಣಪತಿ ಪೆಂಡಾಲಿನ ಆರ್ಕೆಸ್ಟ್ರಾಗಳಲ್ಲಿ ಡ್ರಮ್ಸ್ ನುಡಿಸುವಾಗ ನನಗಿದ್ದ ತೊಂದರೆ: ಗ್ರೂವ್ (ಹಾಡಿನುದ್ದಕ್ಕೂ ಮರಳಿ ಬರುವ ಲಯದ ವಿನ್ಯಾಸ) ಸರಿ, ಫಿಲ್ (ಸಾಲುಗಳ ನಡುವೆ ನುಡಿಸುವ ಚಿಕ್ಕ ಅಲಂಕಾರ) ಮುಗಿಸಿ ಒಂದನೇ ಬೀಟಿಗೆ ಬರುವಾಗ ಮಾತ್ರ ಲಯ ಮುಂದೋಡುತ್ತಿತ್ತು.

ಕಡ್ಡಿ ಬದಲಿಸಿದ್ದು ಉಪಯೋಗವಾಗಲಿಲ್ಲ. ಪ್ರತಿ ಬೀಟಿಗೂ ಮೆಟ್ರೊನೋಮ್‌ನ (ಸಮವೇಗದಲ್ಲಿ ಟಕ್ ಎನ್ನುವ ಸಾಧನ) ಕ್ಲಿಕ್ ಇಟ್ಟು ಗಂಟೆಗಟ್ಟಲೆ ನುಡಿಸಿದ್ದೂ ಅಷ್ಟೇ. ಕೈ ಕ್ಲಿಕ್ಕಿನ ಹಿಂದೆ ಹೋಗುತ್ತದೆ, ನಡುವಿನ ಜಾಗ ಅಳೆಯಲು ಕಲಿಯುವುದಿಲ್ಲ.

ಸರಿಹೋಗಿದ್ದು ಹೀಗೆ. ಮೆಟ್ರೊನೋಮ್ ನಿಮಿಷಕ್ಕೆ 35ಕ್ಕಿಟ್ಟು, ಆ ಸದ್ದನ್ನೇ ಬಾರ್‌ನ (ನಾಲ್ಕು ಬೀಟಿನ ಒಂದು ಸುತ್ತು) 2 ಮತ್ತು 4ನೇ ಬೀಟು ಎಂದು ಎಣಿಸಿ. ನುಡಿಸುವ ವೇಗ 70 ಆಯಿತು. ಆ ಬೀಟುಗಳಿಗೆ ಸ್ನೇರ್ (ಚುರುಕು ಸದ್ದಿನ ಡ್ರಮ್) ಸರಿಯಾಗಿ ಬಿದ್ದರೆ ಕ್ಲಿಕ್ ಅದರಡಿ ಮುಚ್ಚಿಹೋಗುತ್ತದೆ; ಟ-ಟಕ್ ಎಂದು ಎರಡಾಗಿ ಕೇಳಿದರೆ ತಪ್ಪಿದೆ. ಮೂರು ಬಾರ್ ಗ್ರೂವ್, ನಾಲ್ಕನೆಯದರಲ್ಲಿ ಫಿಲ್. ಫಿಲ್ ನಡುವೆಯೂ ಎಡಗಾಲಿನ ಹೈ-ಹ್ಯಾಟ್ (ಪೆಡಲ್ ಒತ್ತಿ ಮುಚ್ಚುವ ಜೋಡಿ ತಾಳ) 2, 4ಕ್ಕೆ ಬೀಳುತ್ತಲೇ ಇರಬೇಕು, ಬಾಯಲ್ಲಿ ತ-ಕ-ಧಿ-ಮಿ ನಿಲ್ಲಬಾರದು. ನನ್ನ ಕೈ ಓಡುತ್ತಿದ್ದುದು ಕೊನೆಯ ತಕಧಿಮಿಯಲ್ಲೇ, ಅದರಲ್ಲೂ 'ಮಿ' ಗಿಡ್ಡವಾಗುತ್ತಿತ್ತು. ಸತತ ಹತ್ತು ಸಲ ಸರಿಬಂದ ಮೇಲಷ್ಟೇ 37ಕ್ಕೆ ಏರಿಸಿ.