ಘರ್ಷಣೆ ಕೋನ ಬಿಟ್ಟು ನೆಲವನ್ನೇ ತಿದ್ದಿದೆ: ಮೆರಾಪಿ ಸಿಮ್ಯುಲೇಷನ್, ನನ್ನ ಅನುಭವ

ಜಾವಾದ ಮೆರಾಪಿ ಜ್ವಾಲಾಮುಖಿಯಲ್ಲಿ 2006ರ ಜೂನ್ 14ರಂದು ಇಳಿದ ಬಿಸಿ ಬೂದಿ-ಬಂಡೆಗಳ ಪ್ರವಾಹ ನನ್ನ ಕಂಪ್ಯೂಟರಿನಲ್ಲೂ ಕೊನೆಗೆ ಗೆಂಡೊಲ್ ಕಣಿವೆ ಹಿಡಿಯಿತು, ಕಾಲಿಯಾಡೆಮ್ ಹಳ್ಳಿ ಬಳಿ ದಂಡೆ ಮೀರಿತು. ಜೊತೆಯವರು "ತಳದ ಘರ್ಷಣೆ ಕೋನ ಸರಿಮಾಡು, ಡಿಇಎಂ ಮುಟ್ಟಬೇಡ" ಅಂತಲೇ ಹೇಳುತ್ತಿದ್ದರು. ಘರ್ಷಣೆ ಕೋನ ಅಂದರೆ ಹರಿವಿಗೆ ನೆಲ ಎಷ್ಟು ತಡೆ ಕೊಡುತ್ತದೆ ಅನ್ನೋ ಅಂಕಿ; ಡಿಇಎಂ ಅಂದರೆ ನೆಲದ ಎತ್ತರವನ್ನು ಚೌಕ ಚೌಕವಾಗಿ ಬರೆದಿಟ್ಟ ಡಿಜಿಟಲ್ ನಕ್ಷೆ. ಕೊನೆಗೆ ನಾನು ತಿದ್ದಿದ್ದು ಡಿಇಎಂ ಅನ್ನೇ.

ಮಾದರಿ ಟೈಟನ್‌ಟುಡಿ, ಇಂಥ ಪ್ರವಾಹ ಎಲ್ಲಿ ಹರಿಯುತ್ತದೆ ಎಂದು ಲೆಕ್ಕ ಹಾಕುವ ಸಾಫ್ಟ್‌ವೇರ್. ಎಸ್‌ಆರ್‌ಟಿಎಂ (ಬಾಹ್ಯಾಕಾಶ ನೌಕೆಯ ರಾಡಾರ್ ಅಳೆದ ಡಿಇಎಂ) ಹಾಕಿ ಓಡಿಸಿದಾಗಲೆಲ್ಲ ಪ್ರವಾಹ ನೈಋತ್ಯಕ್ಕೇ ತಿರುಗುತ್ತಿತ್ತು. ಕೋನವನ್ನು 20 ಡಿಗ್ರಿಯಿಂದ 14ರವರೆಗೆ ಇಳಿಸಿ ನೋಡಿದೆ. ಪ್ರವಾಹದ ಓಟ ಉದ್ದವಾಯಿತು, ದಾರಿ ಬದಲಾಗಲಿಲ್ಲ.

ಕಾರಣ ತಾರೀಖು. ಎಸ್‌ಆರ್‌ಟಿಎಂ ಅಳೆದದ್ದು 2000ದ ಫೆಬ್ರವರಿಯಲ್ಲಿ. ಆಗ ಶಿಖರದ ದಕ್ಷಿಣಕ್ಕೆ ಗೆಗೆರ್ ಬೊಯೊ ಏಣು (ಬಂಡೆಯ ದಿಣ್ಣೆ) ಗಟ್ಟಿಯಾಗಿ ನಿಂತಿತ್ತು. ಅದು ಕುಸಿದದ್ದು 2006ರ ಜೂನ್ ಮೊದಲ ವಾರ, ಗೆಂಡೊಲ್‌ಗೆ ದಾರಿ ಬಿಟ್ಟದ್ದು ಆಮೇಲೆ. ಇಲ್ಲದ ದಿಣ್ಣೆಗೆ ಡಿಕ್ಕಿ ಹೊಡೆಸಿ ಕೋನ ತಿದ್ದುತ್ತಾ ಕೂತರೆ ಏನು ಬಂತು? ಪಿಕ್ಸೆಲ್ ಎಷ್ಟು ಸಣ್ಣದು ಅನ್ನೋದಕ್ಕಿಂತ ಮೊದಲು ನಾನೀಗ ಕೇಳೋದು, ಈ ಬೆಟ್ಟ ಯಾವ ವರ್ಷದ್ದು ಅಂತ.

ಹೊಸ ಡಿಇಎಂ ಕೊಳ್ಳೋಣವೆಂದರೆ ದುಡ್ಡಿನ ವಿಷಯ. ಎತ್ತರ ಅಳೆಯಲು ಎರಡು ಕೋನದಿಂದ ತೆಗೆದ ಸ್ಟೀರಿಯೊ ಉಪಗ್ರಹ ಚಿತ್ರಕ್ಕೆ ಎರಡು ಲಕ್ಷದ ಹತ್ತಿರ ಕೇಳಿದರು, ಮೋಡ ಇರೋದಿಲ್ಲ ಅನ್ನೋ ಭರವಸೆ ಮಾತ್ರ ಕೊಡಲಿಲ್ಲ. ಅದಕ್ಕೂ ಮುಂಚೆ ಇನ್ನೊಬ್ಬ ಮಾರಾಟಗಾರ 5 ಮೀಟರ್ ಚೌಕದ ಡಿಇಎಂ ಎಂದು ಎಂಟು-ಹತ್ತು ಸಾವಿರಕ್ಕೆ ಒಂದು ಫೈಲು ಕೊಟ್ಟಿದ್ದ. ಇಳಿಜಾರಿನ ನಕ್ಷೆ ತೆಗೆದು ನೋಡಿದರೆ 30 ಮೀಟರಿನ ಚೌಕಗಳು ಒಂದರ ಪಕ್ಕ ಒಂದು ಹಾಗೇ ಎದ್ದು ಕಂಡವು. ಹಳೆಯದನ್ನೇ ರೀಸ್ಯಾಂಪಲ್ ಮಾಡಿ (ಚೌಕಗಳನ್ನು ಸಣ್ಣದಾಗಿ ಒಡೆದು) ಮಾರಿದ್ದ. ಆ ದುಡ್ಡು ವಾಪಸ್ ಬರಲಿಲ್ಲ.

ಹಾಗಾಗಿ ಕೈಯಲ್ಲಿದ್ದುದನ್ನೇ ತಿದ್ದಿದೆ. ಕುಸಿತದ ಹಿಂದುಮುಂದಿನ ಫೋಟೋಗಳಿಂದ ಎತ್ತರ ಅಂದಾಜು ಮಾಡಿ ಏಣನ್ನು ಕಡಿದೆ. ನಂತರ ಕಣಿವೆ. 30 ಮೀಟರ್ ಪಿಕ್ಸೆಲ್‌ನಲ್ಲಿ ಇಕ್ಕಟ್ಟಾದ ಆಳ ಕೊರಕಲು ಹರಿವಾಣದ ಹಾಗೆ ಚಪ್ಪಟೆಯಾಗಿ ಬಿಡುತ್ತದೆ. ಸಾಲದ್ದಕ್ಕೆ ರಾಡಾರ್ ದಂಡೆಯ ಮರಗಳ ತಲೆಯನ್ನೇ ನೆಲ ಅಂದುಕೊಳ್ಳುತ್ತದೆ. ಇಂಥ ಕಡೆ ದಯವಿಟ್ಟು ಫಿಲ್ ಸಿಂಕ್ಸ್ (ತಗ್ಗುಗಳನ್ನು ತುಂಬಿಸುವ ಬಟನ್) ಒತ್ತಬೇಡಿ. ಮರದಿಂದಲೋ ಸೇತುವೆಯಿಂದಲೋ ಎದ್ದ ಸುಳ್ಳು ಅಣೆಕಟ್ಟಿನ ಹಿಂದೆ ಅದು ಕಣಿವೆಯನ್ನು ಸಮತಟ್ಟಾಗಿ ತುಂಬಿಸುತ್ತದೆ, ಪ್ರವಾಹ ಅಲ್ಲೇ ವೇಗ ಕಳೆದುಕೊಂಡು ನಿಲ್ಲುತ್ತದೆ. ನಾನು ಅಡ್ಡ ಬಂದದ್ದನ್ನೆಲ್ಲ ಒಡೆದು ದಾರಿ ಮಾಡಿದೆ. ಕೊರಕಲಿನ ಅಗಲ, ಆಳ ಹೇಗೆ ಆರಿಸಿದೆ ಅನ್ನೋದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿರುತ್ತೇನೆ.

ಇಷ್ಟಾದರೂ ಕಾಲಿಯಾಡೆಮ್‌ನಲ್ಲಿ ಪ್ರವಾಹ ದಂಡೆ ಮೀರಲಿಲ್ಲ. ಅವತ್ತು ಅಲ್ಲಿನ ಬಂಕರ್‌ನಲ್ಲಿ ಇಬ್ಬರು ಸತ್ತಿದ್ದರು. ಆ ಜಾಗ ತಪ್ಪಿದರೆ ನಕ್ಷೆ ಯಾರ ಉಪಯೋಗಕ್ಕೆ? ಮೊದಲು ಬಂದ ಪ್ರವಾಹಗಳು ಕೊರಕಲನ್ನು ತುಂಬಿಸಿದ್ದವು, ಆಮೇಲೆ ಬಂದದ್ದು ಅದರ ಮೇಲೇರಿ ಹೊರಗೆ ಹೋಯಿತು. ಹಾಗಾಗಿ ಒಂದೇ ದೊಡ್ಡ ರಾಶಿ ಬಿಡೋದನ್ನು ನಿಲ್ಲಿಸಿದೆ. ಒಂದು ರನ್‌ನಲ್ಲಿ ನಿಂತ ರಾಶಿಯ ದಪ್ಪವನ್ನು ಡಿಇಎಂಗೆ ಕೂಡಿಸಿ, ಆ ಹೊಸ ನೆಲದ ಮೇಲೆ ಮುಂದಿನ ರನ್ ಬಿಟ್ಟೆ. ಎಷ್ಟು ಪಾಲು ಕೂಡಿಸಬೇಕು ಅನ್ನೋದರಲ್ಲೇ ಕೈಚಳಕ ಇರೋದು. ನಿಜವಾದ ಓಟ ಸುಮಾರು 7 ಕಿಲೋಮೀಟರ್, ನನ್ನದು ಆರೂವರೆ ದಾಟಿತು. ದಂಡೆ ಮೀರಿದ ಜಾಗವೂ ಹೆಚ್ಚುಕಡಿಮೆ ಅದೇ. ಸಂದೇಹಪಟ್ಟವರೇ ಈಗ ಫೈಲು ಕೇಳುತ್ತಿದ್ದಾರೆ.

ನಡುವೆ ಇನ್ನೊಂದು ಪ್ರಯೋಗ: ಡಿಇಎಂಗೆ ಬೇಕೆಂದೇ ದೋಷ ಬೆರೆಸಿದೆ. ಪಿಕ್ಸೆಲ್‌ಗೊಂದರಂತೆ ಚದುರಿದ ದೋಷ ನೆಲವನ್ನು ಒರಟು ಮಾಡಿ ಓಟ ಕಮ್ಮಿ ಮಾಡಿತು, ಅಷ್ಟೇ. ಅಷ್ಟೇ ಮೀಟರ್ ದೋಷವನ್ನು ನೂರಾರು ಮೀಟರ್ ಅಗಲದ ಉಬ್ಬುತಗ್ಗುಗಳಾಗಿ ಬೆರೆಸಿದಾಗ ಕೆಲವು ರನ್‌ಗಳು ಪಕ್ಕದ ಕುನಿಂಗ್ ಕಣಿವೆಗೇ ನುಗ್ಗಿದವು. ಸರಾಸರಿ ದೋಷದ ಒಂದೇ ಅಂಕಿ ಕೊಟ್ಟು ಸುಮ್ಮನಾಗುವ ವರದಿಗಳನ್ನು ನಾನೀಗ ನಂಬೋದಿಲ್ಲ.

ಈಗ 2010ರ ಸ್ಫೋಟಕ್ಕೆ ಕೈಹಾಕಿದ್ದೇನೆ. ಕೋಪರ್ನಿಕಸ್ ಅನ್ನೋ 30 ಮೀಟರ್ ಡಿಇಎಂ ಉಚಿತವಾಗಿ ಸಿಗುತ್ತದಲ್ಲ ಅನ್ನುವವರಿದ್ದಾರೆ. ಅದರ ಮೂಲ ಅಳತೆ 2011ರಿಂದ 2015ರದು, ಶಿಖರ ಒಡೆದು ಗೆಂಡೊಲ್ ತುಂಬಿದ ಮೇಲಿನದು. 2006ರ ರಾಶಿ ತುಂಬಿಸಿದ ನನ್ನ ಡಿಇಎಂ ಮೇಲೆಯೇ ಶುರು ಮಾಡುತ್ತಿದ್ದೇನೆ.